2520 ರಾಮಾನುಜನ್ ಕಂಡುಹಿಡಿದ ನಿಗೂಢ ಸಂಖ್ಯೆಯೇ? ನಿಜವಾದ ಕಥೆ ಇರುವುದು 293318625600ರಲ್ಲಿ

ಡಿಸೆಂಬರ್ 22 ಹತ್ತಿರ ಬರುತ್ತಿದ್ದಂತೆ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಓಡಾಡಲು ಶುರುವಾಗುತ್ತದೆ. ನಿಮಗೂ ಬಂದಿರಬಹುದು, ನೀವೂ ನಾಲ್ಕು ಜನರಿಗೆ ಕಳಿಸಿರಬಹುದು. ಅದರ ಸಾರ ಇಷ್ಟು: 2520 ನೋಡಲು ಮಾಮೂಲಿ ಸಂಖ್ಯೆ, ಆದರೆ 1ರಿಂದ 10ರವರೆಗಿನ ಎಲ್ಲ ಸಂಖ್ಯೆಗಳಿಂದಲೂ ಶೇಷವಿಲ್ಲದೆ ಭಾಗವಾಗುತ್ತದೆ. ಇಂಥದ್ದೊಂದು ಇದೆ ಎಂದು ಜಗತ್ತಿನ ಯಾವ ಗಣಿತಜ್ಞನಿಗೂ ಗೊತ್ತಿರಲಿಲ್ಲ, ಕಂಡುಹಿಡಿದವರು ನಮ್ಮ ಶ್ರೀನಿವಾಸ ರಾಮಾನುಜನ್. ವಾರದ 7 ದಿನ, ತಿಂಗಳ 30 ದಿನ, ವರ್ಷದ 12 ತಿಂಗಳನ್ನು ಗುಣಿಸಿದರೂ ಇದೇ ಉತ್ತರ ಬರುತ್ತದೆ. ಕೊನೆಗೆ ಕೈಮುಗಿಯುವ ಎಮೋಜಿ, ಎಲ್ಲರಿಗೂ ಹಂಚಿ ಎಂಬ ಕೋರಿಕೆ.

ಇದರಲ್ಲಿ ಲೆಕ್ಕ ಸರಿಯಿದೆ. ರಾಮಾನುಜನ್ ಹೆಸರೂ ಪೂರ್ತಿ ಅಸಂಬದ್ಧವಲ್ಲ. ಆದರೆ ಕಂಡುಹಿಡಿದ ಕಥೆ ಮಾತ್ರ ಸುಳ್ಳು.

ನಿಜವಾದ ಕಥೆ ಇದಕ್ಕಿಂತ ದೊಡ್ಡದು. ಇಂಥ ಸಂಖ್ಯೆಗಳ ಬಗ್ಗೆ ರಾಮಾನುಜನ್ 1915ರಲ್ಲಿ 60 ಪುಟಗಳಿಗೂ ದೊಡ್ಡದಾದ ಪ್ರಬಂಧ ಪ್ರಕಟಿಸಿದರು. ಅದರಲ್ಲಿ ಕೈಯಲ್ಲೇ ಲೆಕ್ಕ ಹಾಕಿ ತಯಾರಿಸಿದ, ನೂರಕ್ಕೂ ಹೆಚ್ಚು ಸಂಖ್ಯೆಗಳ ಪಟ್ಟಿ ಇದೆ. 2520 ಆ ಪಟ್ಟಿಯ ಆರಂಭದಲ್ಲೇ ಬರುವ ಒಂದು ಸಣ್ಣ ಸಂಖ್ಯೆ. ಪಟ್ಟಿ ಮುಗಿಯುವುದು 13 ಅಂಕಿಗಳ ಸಂಖ್ಯೆಯಲ್ಲಿ. ಅಷ್ಟು ಉದ್ದದ ಪಟ್ಟಿಯಲ್ಲಿ ಅವರು ಒಂದೇ ಒಂದನ್ನು ಬಿಟ್ಟುಬಿಟ್ಟರು: 293318625600. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ 29,331 ಕೋಟಿ 86 ಲಕ್ಷ 25 ಸಾವಿರದ 600.

ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ. ರಾಮಾನುಜನ್ ಹೇಗೆ ಕೆಲಸ ಮಾಡುತ್ತಿದ್ದರು ಎಂಬುದನ್ನು ಯಾವ ಫಾರ್ವರ್ಡ್‌ಗಿಂತಲೂ ಚೆನ್ನಾಗಿ ಇದು ಹೇಳುತ್ತದೆ.

ಮೊದಲು 2520ರ ಲೆಕ್ಕ ಮುಗಿಸೋಣ

ಹೈಸ್ಕೂಲಿನಲ್ಲಿ ಲ.ಸಾ.ಅ. ಮಾಡಿದ್ದು ನೆನಪಿದೆಯೇ? 1ರಿಂದ 10ರವರೆಗಿನ ಸಂಖ್ಯೆಗಳಿಗೆ ಲ.ಸಾ.ಅ. ತೆಗೆದರೆ ಬರುವುದೇ 2520. ಅಂದರೆ ಇವೆಲ್ಲದರಿಂದ ಭಾಗವಾಗುವ ಅತಿ ಚಿಕ್ಕ ಸಂಖ್ಯೆ ಅದು. ಇಂಥದ್ದು ಅದೊಂದೇ ಅಲ್ಲ. 5040, 7560, 10080 ಹೀಗೆ 2520ರ ಮಗ್ಗಿಯಲ್ಲಿ ಬರುವ ಎಲ್ಲ ಸಂಖ್ಯೆಗಳಿಗೂ ಈ ಗುಣವಿದೆ. 1ರಿಂದ 20ರವರೆಗೆ ಭಾಗವಾಗಬೇಕು ಎಂದರೆ 232792560 ಬೇಕು.

ಇದು ಹಳೆಯ ವಿಷಯ ಕೂಡ. ಲ.ಸಾ.ಅ. ಕಂಡುಹಿಡಿಯುವ ವಿಧಾನ ಯೂಕ್ಲಿಡ್‌ನ ಗ್ರಂಥದಲ್ಲೇ ಇದೆ. ಅವನಿಗೂ ಮೊದಲು, ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ, ಗ್ರೀಕ್ ತತ್ವಜ್ಞಾನಿ ಪ್ಲೇಟೋ ತನ್ನ ಆದರ್ಶ ನಗರಕ್ಕೆ 5040 ಮನೆತನಗಳು ಇರಲಿ ಎಂದಿದ್ದ. ಕಾರಣ ಸರಳ. ಜನರನ್ನು ಗುಂಪು ಮಾಡಬೇಕಾದಾಗ ಈ ಸಂಖ್ಯೆ ಹಲವು ರೀತಿಯಲ್ಲಿ ಸಮನಾಗಿ ಒಡೆಯುತ್ತದೆ, 1ರಿಂದ 10ರವರೆಗೆ ಯಾವುದರಿಂದಲೂ ಭಾಗವಾಗುತ್ತದೆ. ಆ 5040 ಎಂದರೆ 2520ರ ಎರಡರಷ್ಟು.

ಇನ್ನು 7, 30, 12 ಗುಣಿಸಿದರೆ 2520 ಬರುವುದರ ಹಿಂದೆ ಕಾಲಗಣನೆಯ ರಹಸ್ಯವೇನಿಲ್ಲ. 30 ಎಂದರೆ 2×3×5. 12 ಎಂದರೆ 2×2×3. ಜೊತೆಗೆ 7 ಸೇರಿಸಿದರೆ 2520ಕ್ಕೆ ಬೇಕಾದ ಎಲ್ಲ ಅಪವರ್ತನಗಳೂ ಸಿಕ್ಕಿಬಿಡುತ್ತವೆ. ವಾರದ ದಿನಗಳನ್ನು ವರ್ಷದ ದಿನಗಳಿಂದ ಗುಣಿಸಿದರೆ ಯಾವ ಕಾಲಮಾನವೂ ಸಿಗುವುದಿಲ್ಲ.

ಹಾಗಾದರೆ ರಾಮಾನುಜನ್ ಮಾಡಿದ್ದೇನು? ಅದನ್ನು ತಿಳಿಯಲು ಕುಂಭಕೋಣಂಗೆ ಹೋಗಬೇಕು.

ಪರೀಕ್ಷೆಯಲ್ಲಿ ಸೋತ ಹುಡುಗ

ರಾಮಾನುಜನ್ ಹುಟ್ಟಿದ್ದು 1887ರ ಡಿಸೆಂಬರ್ 22ರಂದು, ಈರೋಡಿನ ಅಜ್ಜಿಯ ಮನೆಯಲ್ಲಿ. ಬೆಳೆದದ್ದು ಕುಂಭಕೋಣಂನಲ್ಲಿ. ತಂದೆ ಶ್ರೀನಿವಾಸ ಅಯ್ಯಂಗಾರ್ ಬಟ್ಟೆ ವ್ಯಾಪಾರಿಯೊಬ್ಬರ ಬಳಿ ಗುಮಾಸ್ತ. ತಾಯಿ ಕೋಮಲತಮ್ಮಾಳ್ ದೇವಸ್ಥಾನದಲ್ಲಿ ಭಜನೆ ಹಾಡುತ್ತಿದ್ದರು. ಮನೆಯಲ್ಲಿ ವಿದ್ಯಾರ್ಥಿಗಳನ್ನು ಊಟ-ವಸತಿಗೆ ಇಟ್ಟುಕೊಂಡು ಸಂಸಾರ ತೂಗಿಸುತ್ತಿದ್ದರು. ಎರಡನೇ ವಯಸ್ಸಿನಲ್ಲಿ ಮಗುವಿಗೆ ಸಿಡುಬು ಬಂತು. ಬದುಕಿ ಉಳಿದದ್ದೇ ದೊಡ್ಡದು.

ಶಾಲೆಯಲ್ಲಿ ಹುಡುಗ ಜಾಣ, ಬಹುಮಾನಗಳೂ ಬಂದವು. ಹದಿನೈದರ ಆಸುಪಾಸಿನಲ್ಲಿ ಜಿ. ಎಸ್. ಕಾರ್ ಎಂಬ ಇಂಗ್ಲಿಷ್ ಶಿಕ್ಷಕ ಬರೆದ ಗಣಿತದ ಕೈಪಿಡಿ ಅವರಿಗೆ ಸಿಕ್ಕಿತು. ಅದು ಪರೀಕ್ಷೆಗೆ ಓದುವವರಿಗಾಗಿ ಬರೆದ, ಈಗಿನ ಗೈಡ್‌ಗಳಂಥ ಪುಸ್ತಕ. ಸಾವಿರಾರು ಸೂತ್ರಗಳನ್ನು ಸಾಲಾಗಿ ಕೊಟ್ಟಿದ್ದರೂ ರುಜುವಾತು ಇರಲಿಲ್ಲ, ಇದ್ದರೂ ಒಂದೆರಡು ಸಾಲು. ಬೇರೆಯವರು ಬಾಯಿಪಾಠ ಮಾಡುತ್ತಿದ್ದ ಸೂತ್ರಗಳು ಯಾಕೆ ಸರಿ ಎಂಬುದನ್ನು ಈ ಹುಡುಗ ತಾನೇ ಸಾಧಿಸುತ್ತಾ ಹೋದ. ಅಲ್ಲಿಂದ ಮುಂದೆ ಪುಸ್ತಕದಲ್ಲಿ ಇಲ್ಲದ ಸೂತ್ರಗಳು ಹುಟ್ಟಿಕೊಂಡವು.

ಇದರ ಬೆಲೆಯನ್ನೂ ತೆರಬೇಕಾಯಿತು. 1904ರಲ್ಲಿ ಕುಂಭಕೋಣಂ ಕಾಲೇಜಿಗೆ ವಿದ್ಯಾರ್ಥಿವೇತನದೊಂದಿಗೆ ಸೇರಿದರು. ಗಣಿತ ಬಿಟ್ಟು ಬೇರೇನೂ ಓದದೆ ಇಂಗ್ಲಿಷ್‌ನಲ್ಲಿ ಫೇಲಾದರು, ವಿದ್ಯಾರ್ಥಿವೇತನ ಹೋಯಿತು. ಮನೆಗೆ ಹೇಳದೆ ವಿಶಾಖಪಟ್ಟಣಂ ಕಡೆಗೆ ಹೊರಟುಹೋದರು. ನಂತರ ಮದ್ರಾಸಿನ ಪಚ್ಚಯ್ಯಪ್ಪ ಕಾಲೇಜು ಸೇರಿದರು. ಅಲ್ಲಿ ಕಾಯಿಲೆ ಬಿದ್ದರು, ಎಫ್.ಎ. ಪರೀಕ್ಷೆಯಲ್ಲಿ ಮತ್ತೆ ಫೇಲು. ಇಪ್ಪತ್ತು ತುಂಬುವ ಹೊತ್ತಿಗೆ ಕೈಯಲ್ಲಿ ಪದವಿ ಇಲ್ಲ, ಕೆಲಸ ಇಲ್ಲ. ಇದ್ದದ್ದು ಸೂತ್ರಗಳಿಂದ ತುಂಬಿದ ನೋಟ್‌ಬುಕ್‌ಗಳು ಮಾತ್ರ.

ಕನಸಿನಲ್ಲಿ ಬಂದ ಸೂತ್ರಗಳೇ?

ಇನ್ನೊಂದು ಫಾರ್ವರ್ಡ್ ಇದೆ. ನಾಮಕ್ಕಲ್‌ನ ನಾಮಗಿರಿ ದೇವಿ ಕನಸಿನಲ್ಲಿ ಬಂದು ಸೂತ್ರ ಬರೆದುಕೊಡುತ್ತಿದ್ದಳು, ರಾಮಾನುಜನ್ ಎದ್ದು ಅದನ್ನು ನಕಲು ಮಾಡುತ್ತಿದ್ದರು ಎಂದು ಅದು ಹೇಳುತ್ತದೆ. ನಾಮಗಿರಿ ಅವರ ಮನೆದೇವತೆ ಎಂಬುದು ನಿಜ. ತನ್ನ ಒಳನೋಟಗಳಿಗೆ ದೇವಿಯ ಕೃಪೆ ಕಾರಣ ಎಂದು ಅವರು ನಂಬಿದ್ದರು, ಆಪ್ತರ ಬಳಿ ಹೇಳಿಕೊಂಡೂ ಇದ್ದರು. ಆ ನಂಬಿಕೆಯನ್ನು ಪ್ರಶ್ನಿಸಲು ನಾವು ಇಲ್ಲಿ ಕೂತಿಲ್ಲ.

ಆದರೆ ಫಾರ್ವರ್ಡ್ ಬಿಟ್ಟುಬಿಡುವ ವಿಷಯವೊಂದಿದೆ, ಅವರ ಸ್ಲೇಟು. ಕಾಗದಕ್ಕೆ ದುಡ್ಡಿಲ್ಲದ ಕಾರಣ ರಾಮಾನುಜನ್ ಲೆಕ್ಕವನ್ನೆಲ್ಲ ಸ್ಲೇಟಿನ ಮೇಲೆ ಮಾಡುತ್ತಿದ್ದರು. ಬಟ್ಟೆ ಹುಡುಕುವಷ್ಟು ತಾಳ್ಮೆ ಇಲ್ಲದೆ ಮೊಣಕೈಯಿಂದಲೇ ಒರೆಸುತ್ತಿದ್ದರು. ಕೊನೆಗೆ ಬಂದ ಉತ್ತರ ಮಾತ್ರ ನೋಟ್‌ಬುಕ್ಕಿಗೆ ಹೋಗುತ್ತಿತ್ತು. ನೋಟ್‌ಬುಕ್‌ನಲ್ಲಿ ರುಜುವಾತು ಕಾಣದಿರಲು ಇದೊಂದು ದೊಡ್ಡ ಕಾರಣ. ಕಾರ್ ಪುಸ್ತಕದ ಶೈಲಿಯೂ ಹಾಗೆಯೇ ಇತ್ತು. ನಮಗೆ ಇಂದು ಕಾಣುವುದು ಅಡುಗೆಯಾದ ಮೇಲಿನ ತಟ್ಟೆ. ಒಲೆಯ ಮುಂದೆ ಕೂತ ಗಂಟೆಗಳು ಸ್ಲೇಟಿನೊಂದಿಗೆ ಅಳಿಸಿಹೋಗಿವೆ.

ಬಾಗಿಲು ತೆರೆದವರು

1909ರ ಜುಲೈನಲ್ಲಿ ಅವರಿಗೆ ಮದುವೆಯಾಯಿತು. ಹುಡುಗಿ ಜಾನಕಿಗೆ ಆಗ ಹತ್ತು ವರ್ಷ. ಸಂಸಾರದ ಹೊಣೆ ಬಂದ ಮೇಲೆ ರಾಮಾನುಜನ್ ನೋಟ್‌ಬುಕ್ ಕಂಕುಳಲ್ಲಿಟ್ಟುಕೊಂಡು ಕೆಲಸ ಹುಡುಕಿದರು.

1910ರಲ್ಲಿ ತಿರುಕ್ಕೋಯಿಲೂರಿನಲ್ಲಿ ಡೆಪ್ಯುಟಿ ಕಲೆಕ್ಟರ್ ಆಗಿದ್ದ ವಿ. ರಾಮಸ್ವಾಮಿ ಅಯ್ಯರ್ ಅವರನ್ನು ಕಂಡರು. ಭಾರತೀಯ ಗಣಿತ ಸಂಘವನ್ನು ಕಟ್ಟಿದವರು ಇವರೇ. ನೋಟ್‌ಬುಕ್ ತಿರುವಿದ ಅಯ್ಯರ್, ಇದು ಮಾಮೂಲಿ ಗುಮಾಸ್ತಿಕೆಗೆ ಹೋಗಬೇಕಾದ ತಲೆಯಲ್ಲ ಎಂದು ಗುರುತಿಸಿ ಮದ್ರಾಸಿನ ಪರಿಚಯಸ್ಥರಿಗೆ ಪತ್ರ ಕೊಟ್ಟರು. ಹಾಗೆ ಸಿಕ್ಕವರು ನೆಲ್ಲೂರಿನ ಕಲೆಕ್ಟರ್ ಆರ್. ರಾಮಚಂದ್ರ ರಾವ್. ಮೊದಲು ಅನುಮಾನಪಟ್ಟ ರಾವ್, ಮಾತಾಡಿಸಿ ನೋಡಿದ ಮೇಲೆ ತಿಂಗಳಿಗೆ 25 ರೂಪಾಯಿ ಕೊಡಲು ಶುರುಮಾಡಿದರು. 1911ರಲ್ಲಿ ಸಂಘದ ಪತ್ರಿಕೆಯಲ್ಲಿ ರಾಮಾನುಜನ್ ಅವರ ಮೊದಲ ಪ್ರಬಂಧ ಅಚ್ಚಾಯಿತು. 1912ರ ಮಾರ್ಚ್‌ನಲ್ಲಿ ಮದ್ರಾಸು ಬಂದರು ಮಂಡಳಿಯಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತೆ ಕೆಲಸ ಸಿಕ್ಕಿತು. ಅಲ್ಲಿನ ಎಸ್. ನಾರಾಯಣ ಅಯ್ಯರ್ ಸ್ವತಃ ಗಣಿತ ಬಲ್ಲವರು. ಅಧ್ಯಕ್ಷ ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಕೂಡ ಬೆನ್ನಿಗೆ ನಿಂತರು.

ಒಬ್ಬಂಟಿ ಮಾಂತ್ರಿಕನ ಕಥೆ ಹೇಳುವಾಗ ಈ ಹೆಸರುಗಳೆಲ್ಲ ಬಿದ್ದುಹೋಗುತ್ತವೆ. ತಮಗಿಂತ ದೊಡ್ಡ ಪ್ರತಿಭೆಯನ್ನು ಕಂಡಾಗ ಅದಕ್ಕೆ ದಾರಿ ಬಿಟ್ಟುಕೊಟ್ಟವರು ಇವರು.

1913ರ ಜನವರಿ 16ರಂದು ರಾಮಾನುಜನ್ ಕೇಂಬ್ರಿಜ್‌ನ ಜಿ. ಎಚ್. ಹಾರ್ಡಿ ಅವರಿಗೆ ಪತ್ರ ಬರೆದರು. ಅದಕ್ಕೂ ಮೊದಲು ಬರೆದ ಇಬ್ಬರು ಇಂಗ್ಲಿಷ್ ಗಣಿತಜ್ಞರಿಂದ ಸಹಾಯ ಸಿಕ್ಕಿರಲಿಲ್ಲ. ಹಾರ್ಡಿ ಮತ್ತು ಸಹೋದ್ಯೋಗಿ ಲಿಟಲ್‌ವುಡ್ ಆ ಪುಟಗಳ ಮೇಲೆ ಬಗ್ಗಿ ಕೂತರು. ಕೆಲವು ಸೂತ್ರಗಳು ಮೊದಲೇ ಗೊತ್ತಿದ್ದವು. ಕೆಲವು ಅವರು ಹಿಂದೆಂದೂ ಕಾಣದವು. ಅವಿಭಾಜ್ಯ ಸಂಖ್ಯೆಗಳು ಎಷ್ಟಿವೆ ಎಂದು ಲೆಕ್ಕ ಹಾಕುವ ಕುರಿತ ಕೆಲವು ಹೇಳಿಕೆಗಳು ತಪ್ಪಾಗಿದ್ದವು. ಹೌದು, ಆ ಪ್ರಸಿದ್ಧ ಪತ್ರಗಳಲ್ಲೂ ತಪ್ಪುಗಳಿದ್ದವು. ಆದರೂ ಇದು ಅಸಾಮಾನ್ಯ ಗಣಿತಜ್ಞನ ಕೆಲಸ ಎಂದು ಹಾರ್ಡಿ ಅರಿತರು.

ಸಮುದ್ರ ದಾಟಲು ಮನೆಯವರ ವಿರೋಧವಿತ್ತು. ಕೊನೆಗೆ ಒಪ್ಪಿಗೆ ಸಿಕ್ಕಿತು. ಮದ್ರಾಸ್ ವಿಶ್ವವಿದ್ಯಾಲಯ ವರ್ಷಕ್ಕೆ 250 ಪೌಂಡ್ ವೇತನ ಮಂಜೂರು ಮಾಡಿತು. 1914ರ ಮಾರ್ಚ್ 17ರಂದು ಅವರು ಹಡಗು ಹತ್ತಿದರು, ಏಪ್ರಿಲ್ 14ರಂದು ಲಂಡನ್ ತಲುಪಿದರು. ಜಾನಕಿ ಇಲ್ಲೇ ಉಳಿದರು.

ಯುದ್ಧದ ನಡುವೆ ಒಂದು ಪಟ್ಟಿ

ನಾಲ್ಕೇ ತಿಂಗಳಿಗೆ ಮೊದಲ ಮಹಾಯುದ್ಧ ಶುರುವಾಯಿತು. ವಿದ್ಯಾರ್ಥಿಗಳು ಸೈನ್ಯಕ್ಕೆ ಹೋದರು, ಲಿಟಲ್‌ವುಡ್ ಕೂಡ ಯುದ್ಧದ ಕೆಲಸಕ್ಕೆ ಹೋದರು. ಕಟ್ಟಾ ಸಸ್ಯಾಹಾರಿಯಾದ ರಾಮಾನುಜನ್ ತಮ್ಮ ಕೋಣೆಯಲ್ಲೇ ಅಡುಗೆ ಮಾಡಿಕೊಂಡು, ಹೊತ್ತಿಲ್ಲದ ಹೊತ್ತಿನಲ್ಲಿ ಉಂಡು ಕೆಲಸ ಮುಂದುವರಿಸಿದರು. ಆ ದಿನಗಳಲ್ಲೇ ಈ ಪಟ್ಟಿ ಅಚ್ಚಿಗೆ ಹೋದದ್ದು.

ಅವರು ಕೇಳಿಕೊಂಡ ಪ್ರಶ್ನೆ ಮಕ್ಕಳಿಗೂ ಅರ್ಥವಾಗುವಂಥದ್ದು. ಯಾವ ಸಂಖ್ಯೆ ತನಗಿಂತ ಚಿಕ್ಕದಾದ ಎಲ್ಲ ಸಂಖ್ಯೆಗಳಿಗಿಂತ ಹೆಚ್ಚು ರೀತಿಯಲ್ಲಿ ಭಾಗವಾಗುತ್ತದೆ?

12 ತೆಗೆದುಕೊಳ್ಳಿ. ಅದನ್ನು 1, 2, 3, 4, 6, 12 ಭಾಗಿಸುತ್ತವೆ, ಒಟ್ಟು 6 ಅಪವರ್ತನಗಳು. 12ಕ್ಕಿಂತ ಚಿಕ್ಕದಾದ ಯಾವ ಸಂಖ್ಯೆಗೂ ಆರು ಅಪವರ್ತನಗಳಿಲ್ಲ. ಮುಂದಿನ ದಾಖಲೆ 24ರದ್ದು, 8 ಅಪವರ್ತನಗಳು. ನಂತರ 36, 48, 60. ಡಜನ್‌ಗೆ 12, ಗಂಟೆಗೆ 60 ನಿಮಿಷ, ವೃತ್ತಕ್ಕೆ 360 ಡಿಗ್ರಿ ಬಳಕೆಯಲ್ಲಿ ಇಷ್ಟು ಅನುಕೂಲವಾಗಿರುವುದು ಇದೇ ಗುಣದಿಂದ. ಅರ್ಧ, ಕಾಲು, ಮೂರನೇ ಒಂದು ಭಾಗ, ಏನು ಮಾಡಿದರೂ ಚೂರು ಉಳಿಯುವುದಿಲ್ಲ. ಕ್ರಿಕೆಟ್‌ನ ದಾಖಲೆಯಂತೆ ಹಿಂದಿನ ಎಲ್ಲ ಸಂಖ್ಯೆಗಳನ್ನೂ ಮುರಿಯುವ ಇವುಗಳಿಗೆ ರಾಮಾನುಜನ್ ಇಟ್ಟ ಹೆಸರನ್ನು ಕನ್ನಡದಲ್ಲಿ ಅತಿ ಸಂಯುಕ್ತ ಸಂಖ್ಯೆಗಳು ಎನ್ನಬಹುದು. 48 ಅಪವರ್ತನಗಳಿರುವ 2520 ಇವುಗಳಲ್ಲಿ ಒಂದು.

ಚಿಕ್ಕ ಸಂಖ್ಯೆಗಳಿಗೆ ಇದನ್ನು ಎಣಿಸಿ ನೋಡಬಹುದು. ಕೋಟಿ ದಾಟಿದ ಮೇಲೆ ಎಣಿಸಲು ಆಯುಷ್ಯ ಸಾಲದು. ಅಲ್ಲಿ ನಿಯಮ ಬೇಕು. ಶಾಲೆಯ ವಿಧಾನ ಹೀಗಿದೆ: 60 ಎಂದರೆ 2×2×3×5. ಅಪವರ್ತನ ಕಟ್ಟುವಾಗ 2ನ್ನು ಬಳಸದೇ ಇರಬಹುದು, ಒಮ್ಮೆ ಬಳಸಬಹುದು, ಎರಡು ಬಾರಿ ಬಳಸಬಹುದು, ಹೀಗೆ 3 ಆಯ್ಕೆ. 3ಕ್ಕೆ 2 ಆಯ್ಕೆ, 5ಕ್ಕೆ 2 ಆಯ್ಕೆ. 3×2×2 ಎಂದರೆ 12. 60ಕ್ಕೆ ಇರುವುದು ಸರಿಯಾಗಿ 12 ಅಪವರ್ತನಗಳು.

ರಾಮಾನುಜನ್ ಇಲ್ಲಿಂದ ಬಹಳ ಮುಂದೆ ಹೋದರು. ದಾಖಲೆ ಮುರಿಯುವ ಸಂಖ್ಯೆಯಲ್ಲಿ 2 ಎಷ್ಟು ಬಾರಿ ಬರುತ್ತದೋ 3 ಅದಕ್ಕಿಂತ ಹೆಚ್ಚು ಬಾರಿ ಬರುವಂತಿಲ್ಲ, 5 ಎಂಬುದು 3ಕ್ಕಿಂತ ಹೆಚ್ಚು ಬಾರಿ ಬರುವಂತಿಲ್ಲ, ಹೀಗೆ ಮೆಟ್ಟಿಲಿನಂತೆ ಇಳಿಯುತ್ತಾ ಹೋಗಬೇಕು. ಕೊನೆಯ ಅವಿಭಾಜ್ಯ ಸಂಖ್ಯೆ ಒಂದೇ ಬಾರಿ ಬರಬೇಕು. ಈ ಕೊನೆಯ ನಿಯಮಕ್ಕೆ ಇರುವ ಅಪವಾದ ಎರಡೇ: 4 ಮತ್ತು 36. ಇಂಥ ನಿಯಮಗಳನ್ನು ಒಂದೊಂದಾಗಿ ಸಾಧಿಸಿ, ಮೆಟ್ಟಿಲುಗಳ ಎತ್ತರ ಎಷ್ಟಿರಬೇಕೆಂದು ಬಿಗಿಯಾದ ಮಿತಿಗಳನ್ನು ಹಾಕಿದರು. ಸ್ಲೇಟಿನ ದಿನಗಳಂತಲ್ಲ, ಇಲ್ಲಿ ರುಜುವಾತುಗಳೂ ಇವೆ. ಈ ವಿಷಯ ಗಣಿತದ ಹೆದ್ದಾರಿಯಲ್ಲ, ಒಂದು ಪಕ್ಕದ ಓಣಿ ಎಂದು ಹಾರ್ಡಿಗೆ ಅನಿಸಿತ್ತು. ಆದರೂ ಅದರಲ್ಲಿ ರಾಮಾನುಜನ್ ತೋರಿದ ಹಿಡಿತವನ್ನು ಅವರು ಮನಸಾರೆ ಮೆಚ್ಚಿದರು.

1916ರಲ್ಲಿ ಈ ಪ್ರಬಂಧದ ಆಧಾರದ ಮೇಲೆ ಕೇಂಬ್ರಿಜ್ ಅವರಿಗೆ ಬಿ.ಎ. ಪದವಿ ಕೊಟ್ಟಿತು. ಎಫ್.ಎ. ದಾಟಲಾಗದ ಹುಡುಗನಿಗೆ ಪದವಿ ತಂದುಕೊಟ್ಟದ್ದು 2520ರ ಮನೆತನದ ಸಂಖ್ಯೆಗಳು. ಫಾರ್ವರ್ಡ್ ಹೇಳಬೇಕಾಗಿದ್ದ ಕಥೆ ಇದು.

ತಪ್ಪಿಹೋದ ಸಂಖ್ಯೆ

ಪ್ರಬಂಧದ ಪಟ್ಟಿ 6746328388800ರವರೆಗೆ ಹೋಗುತ್ತದೆ. 6 ಲಕ್ಷ 74 ಸಾವಿರದ 632 ಕೋಟಿ 83 ಲಕ್ಷ 88 ಸಾವಿರದ 800. ಇದಕ್ಕೆ 10080 ಅಪವರ್ತನಗಳಿವೆ. ಕಂಪ್ಯೂಟರ್ ಇಲ್ಲ, ಕ್ಯಾಲ್ಕುಲೇಟರ್ ಇಲ್ಲ, ನಿಯಮಗಳು ಮತ್ತು ಕೈಬರಹ ಮಾತ್ರ.

ಈ ಹಾದಿಯಲ್ಲಿ 240940299600 ಬರುತ್ತದೆ, ಅದಕ್ಕೆ 4800 ಅಪವರ್ತನಗಳು. ಪಟ್ಟಿಯಲ್ಲಿ ಅದಾದ ಮೇಲೆ 321253732800 ಬರುತ್ತದೆ, 5376 ಅಪವರ್ತನಗಳು. ಇವೆರಡರ ನಡುವೆ 5040 ಅಪವರ್ತನಗಳ ಒಂದು ಸಂಖ್ಯೆ ಇರಬೇಕಿತ್ತು, ಇಲ್ಲ. ಅದೇ 293318625600.

ನಿಮ್ಮ ಫೋನಿನ ಕ್ಯಾಲ್ಕುಲೇಟರ್ ತೆರೆಯಿರಿ. 293318625600 ಒತ್ತಿ. 1ರಿಂದ ಶುರುಮಾಡಿ ಒಂದೊಂದರಿಂದಲೇ ಭಾಗಿಸಿ. 10ರಲ್ಲಿ ನಿಲ್ಲಬೇಡಿ. 11, 12, 13 ಎಂದು ಮುಂದುವರಿಸಿ. 22ರವರೆಗೆ ಎಲ್ಲೂ ದಶಮಾಂಶ ಬರುವುದಿಲ್ಲ. 22ರಿಂದ ಭಾಗಿಸಿದಾಗ 13332664800 ಬರುತ್ತದೆ. 23ಕ್ಕೆ ಬಂದಾಗ ಮಾತ್ರ ಸಿಕ್ಕಿಬೀಳುತ್ತದೆ, 17 ಶೇಷ ಉಳಿಯುತ್ತದೆ.

ಯಾಕೆಂದರೆ ಈ ಸಂಖ್ಯೆಯಲ್ಲಿ 2 ಆರು ಬಾರಿ, 3 ನಾಲ್ಕು ಬಾರಿ, 5 ಎರಡು ಬಾರಿ, 7 ಎರಡು ಬಾರಿ, 11, 13, 17, 19 ಒಂದೊಂದು ಬಾರಿ ಇವೆ. 23 ಇಲ್ಲ. ಮೆಟ್ಟಿಲು ಇಳಿಯುವುದನ್ನು ಗಮನಿಸಿ: 6, 4, 2, 2, 1, 1, 1, 1. ಆಯ್ಕೆಗಳನ್ನು ಗುಣಿಸಿದರೆ 7×5×3×3×2×2×2×2, ಅಂದರೆ 5040. ಪ್ಲೇಟೋನ ನಗರದ ಸಂಖ್ಯೆಯೇ!

ಪಕ್ಕದ ಎರಡೂ ಸಂಖ್ಯೆಗಳಲ್ಲಿ 23 ಇದೆ, ಆದರೆ 7 ಒಂದೇ ಬಾರಿ. ತಪ್ಪಿಹೋದ ಸಂಖ್ಯೆ ಇವಕ್ಕಿಂತ ಬೇರೆ ದಾರಿ ಹಿಡಿದಿದೆ. 23ಕ್ಕೆ ಹೋಗದೆ 7ನ್ನು ಎರಡು ಬಾರಿ ಬಳಸಿಕೊಂಡಿದೆ.

ಈಗ ಇನ್ನೊಂದು ಕೆಲಸ ಮಾಡಿ. ಈ ಸಂಖ್ಯೆಯನ್ನು 23ರಿಂದ ಗುಣಿಸಿ. ಬರುವುದು 6746328388800, ರಾಮಾನುಜನ್ ಪಟ್ಟಿಯ ಕೊನೆಯ ಸಂಖ್ಯೆ. ಅವರ ಕೈಯಿಂದ ಜಾರಿದ ಸಂಖ್ಯೆ ಅವರು ತಲುಪಿದ ಕೊನೆಯ ಸಂಖ್ಯೆಯೊಳಗೇ ಕೂತಿತ್ತು.

ಇದನ್ನು ಹೇಳುವುದು ರಾಮಾನುಜನ್ ಅವರನ್ನು ಸಣ್ಣವರಾಗಿ ಮಾಡಲು ಅಲ್ಲ. ಕನಸಿನಿಂದ ನಕಲು ಮಾಡಿದ ಪಟ್ಟಿಯಲ್ಲಿ ಒಂದು ಸಂಖ್ಯೆ ಹೀಗೆ ತಪ್ಪಬೇಕಿಲ್ಲ. ತಪ್ಪುವುದು ಮನುಷ್ಯ ಕೂತು, ಸಾಲು ಸಾಲಾಗಿ ಹೋಲಿಸಿ, ಹೊಡೆದುಹಾಕಿ, ಮತ್ತೆ ಬರೆದು ಮಾಡಿದ ಕೆಲಸದಲ್ಲಿ. ಆ ಖಾಲಿ ಜಾಗ ಅವರ ದುಡಿಮೆಯ ಗುರುತು.

ಅಚ್ಚಾಗದ ಪುಟಗಳು

ಆ ಪ್ರಬಂಧ ಪೂರ್ತಿಯಾಗಿ ಅಚ್ಚಾಗಲಿಲ್ಲ. ಲಂಡನ್ ಗಣಿತ ಸಂಘಕ್ಕೆ ಆಗ ಹಣದ ಅಡಚಣೆ ಇತ್ತು, ಹಾಗಾಗಿ ಒಂದು ಭಾಗವನ್ನು ಕೈಬಿಡಲಾಯಿತು. ಆ ಪುಟಗಳು ಫ್ರಾನ್ಸ್‌ನ ಗಣಿತಜ್ಞರಾದ ಜ್ಯಾಂ-ಲೂಯಿ ನಿಕೋಲಾ ಮತ್ತು ಗಿ ರೋಬ್ಯಾಂ ಅವರ ಟಿಪ್ಪಣಿಗಳೊಂದಿಗೆ 1997ರಲ್ಲಿ ಪ್ರಕಟವಾದವು, ಬರೆದ 80ಕ್ಕೂ ಹೆಚ್ಚು ವರ್ಷಗಳ ನಂತರ.

ಅದರಲ್ಲಿ ಒಂದು ಬೀಜ ಇತ್ತು. ಒಂದು ಸಂಖ್ಯೆಯ ಎಲ್ಲ ಅಪವರ್ತನಗಳನ್ನು ಕೂಡಿಸಿದರೆ ಮೊತ್ತ ಎಷ್ಟು ದೊಡ್ಡದಾಗಬಹುದು ಎಂಬುದನ್ನು, ರೀಮಾನ್ ಊಹೆ ನಿಜವೆಂದು ಇಟ್ಟುಕೊಂಡು ರಾಮಾನುಜನ್ ಪರಿಶೀಲಿಸಿದ್ದರು. ಗಣಿತದ ಅತಿ ಪ್ರಸಿದ್ಧ ಬಿಡಿಸದ ಒಗಟು ಆ ಊಹೆ. 1984ರಲ್ಲಿ ರೋಬ್ಯಾಂ ಇದೇ ದಾರಿಯಲ್ಲಿ ಒಂದು ಬೆರಗಿನ ಫಲಿತಾಂಶ ಸಾಧಿಸಿದರು: ಅಪವರ್ತನಗಳ ಮೊತ್ತ ಒಂದು ನಿರ್ದಿಷ್ಟ ಮಿತಿಯನ್ನು 5040ರ ನಂತರದ ಯಾವ ಸಂಖ್ಯೆಯಲ್ಲೂ ಮುಟ್ಟದಿದ್ದರೆ ರೀಮಾನ್ ಊಹೆ ನಿಜ, ಎಲ್ಲಾದರೂ ಮುಟ್ಟಿದರೆ ಸುಳ್ಳು. ಮತ್ತೆ ಅದೇ 5040. ಪಕ್ಕದ ಓಣಿ ಎನಿಸಿದ್ದು ಹೆದ್ದಾರಿಗೇ ಬಂದು ಸೇರಿತ್ತು.

ಕಾಯಿಲೆ, ಟ್ಯಾಕ್ಸಿ, ಕೊನೆಯ ದಿನಗಳು

ಹಾರ್ಡಿ ಜೊತೆಗಿನ ಇನ್ನೊಂದು ದೊಡ್ಡ ಕೆಲಸವೂ ಇದೇ ವರ್ಷಗಳದ್ದು. 4ನ್ನು 4, 3+1, 2+2, 2+1+1, 1+1+1+1 ಎಂದು 5 ರೀತಿಯಲ್ಲಿ ಬರೆಯಬಹುದು. 200ನ್ನು ಎಷ್ಟು ರೀತಿಯಲ್ಲಿ? 3972999029388. ಇದನ್ನು ಪರ್ಸಿ ಮ್ಯಾಕ್‌ಮಹೋನ್ ಕೈಯಲ್ಲೇ ಲೆಕ್ಕ ಹಾಕಿದ್ದರು. ಹಾರ್ಡಿ ಮತ್ತು ರಾಮಾನುಜನ್ ಅವರ ಸೂತ್ರದ ಮೊದಲ ಎಂಟು ಪದಗಳನ್ನು ಕೂಡಿಸಿದರೆ ಬರುವ ಉತ್ತರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಕೇವಲ 0.004.

1917ರಲ್ಲಿ ರಾಮಾನುಜನ್ ಕಾಯಿಲೆ ಬಿದ್ದರು. ಒಂದರ ನಂತರ ಒಂದು ಆಸ್ಪತ್ರೆ. 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು, ಅದೇ ವರ್ಷ ಟ್ರಿನಿಟಿ ಕಾಲೇಜಿನ ಫೆಲೋ ಕೂಡ.

ಪಟ್ನಿಯಲ್ಲಿ ಚಿಕಿತ್ಸೆಯಲ್ಲಿದ್ದಾಗ ಹಾರ್ಡಿ 1729 ನಂಬರಿನ ಟ್ಯಾಕ್ಸಿಯಲ್ಲಿ ಬಂದ ಪ್ರಸಂಗ ನಿಮಗೆ ಗೊತ್ತೇ ಇದೆ. ಎರಡು ಘನಗಳ ಮೊತ್ತವಾಗಿ ಎರಡು ರೀತಿಯಲ್ಲಿ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆ ಅದು: 1ರ ಘನ ಮತ್ತು 12ರ ಘನ, 9ರ ಘನ ಮತ್ತು 10ರ ಘನ. ಪ್ರಸಂಗವನ್ನು ಹೇಳಿದವರು ಸ್ವತಃ ಹಾರ್ಡಿ. ಆದರೆ ಇದೂ ಗಾಳಿಯಿಂದ ಬಂದದ್ದಲ್ಲ. ಇಂಥ ಘನಗಳ ಮೇಲೆ ಅವರು ಕೆಲಸ ಮಾಡಿದ್ದಕ್ಕೆ ಅವರದೇ ಟಿಪ್ಪಣಿಗಳು ಸಾಕ್ಷಿ. 1729ರ ಈ ಗುಣವನ್ನು ಫ್ರಾನ್ಸ್‌ನ ಫ್ರೆನಿಕ್ಲ್ 1657ರಲ್ಲೇ ದಾಖಲಿಸಿದ್ದರು ಕೂಡ.

ಅವರಿಗೆ ಬಂದದ್ದು ಕ್ಷಯರೋಗ ಎಂದು ಬಹುಕಾಲ ಎಲ್ಲೆಡೆ ಬರೆಯಲಾಯಿತು. ಆಗಿನ ವೈದ್ಯರಲ್ಲೇ ಒಮ್ಮತ ಇರಲಿಲ್ಲ. 1994ರಲ್ಲಿ ಡಿ. ಎ. ಬಿ. ಯಂಗ್ ಎಂಬ ಇಂಗ್ಲಿಷ್ ವೈದ್ಯರು ಹಳೆಯ ದಾಖಲೆಗಳನ್ನು ಪರಿಶೀಲಿಸಿ, ಅದು ಅಮೀಬಾದಿಂದ ಬರುವ ಯಕೃತ್ತಿನ ಸೋಂಕು ಆಗಿರುವ ಸಾಧ್ಯತೆ ಹೆಚ್ಚು ಎಂದರು. ಇಂಗ್ಲೆಂಡಿಗೆ ಹೋಗುವ ಮೊದಲೇ ಅವರಿಗೆ ಆಮಶಂಕೆಯಾಗಿತ್ತು. ಆ ಸೋಂಕು ವರ್ಷಗಟ್ಟಲೆ ಒಳಗೇ ಅಡಗಿರಬಲ್ಲದು. ಆ ಕಾಲಕ್ಕೂ ಅದಕ್ಕೆ ಚಿಕಿತ್ಸೆ ಇತ್ತು. ಇದು ಖಚಿತ ತೀರ್ಪಲ್ಲ, ಬಲವಾದ ಅಂದಾಜು. ಆದರೆ ಸಸ್ಯಾಹಾರವೇ ಅವರನ್ನು ಕೊಂದಿತು, ಇಂಗ್ಲೆಂಡಿನ ಚಳಿಯೇ ಕೊಂದಿತು ಎಂಬ ಒಂದು ಸಾಲಿನ ತೀರ್ಮಾನಗಳಿಗೆ ಆಧಾರವಿಲ್ಲ.

1919ರ ಮಾರ್ಚ್‌ನಲ್ಲಿ ಅವರು ಭಾರತಕ್ಕೆ ಮರಳಿದರು. ಜಾನಕಿ ಜೊತೆ ಕಳೆದದ್ದು ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು, ಅದೂ ಹಾಸಿಗೆಯ ಮೇಲೆ. ನೋವಿನ ನಡುವೆಯೂ ಲೆಕ್ಕ ನಿಲ್ಲಲಿಲ್ಲ. 1920ರ ಜನವರಿಯಲ್ಲಿ ಹಾರ್ಡಿಗೆ ಹೊಸ ಬಗೆಯ ಥೀಟಾ ಫಲನಗಳ ಬಗ್ಗೆ ಪತ್ರ ಬರೆದರು. ಗಣಿತಜ್ಞರು ಇಂದಿಗೂ ಅವುಗಳ ಮೇಲೆ ಕೆಲಸ ಮಾಡುತ್ತಿದ್ದಾರೆ. ಏಪ್ರಿಲ್ 26ರಂದು ಮದ್ರಾಸಿನ ಚೇತ್‌ಪಟ್‌ನಲ್ಲಿ ತೀರಿಕೊಂಡರು. ವಯಸ್ಸು 32.

ಜಾನಕಿಗೆ ಆಗ 21. ಹೊಲಿಗೆ ಕಲಿತು, ಮುಂದೆ ಮದ್ರಾಸಿನ ಟ್ರಿಪ್ಲಿಕೇನ್‌ನಲ್ಲಿ ಸ್ವಂತ ದುಡಿಮೆಯಲ್ಲಿ ಬದುಕಿದರು. ದತ್ತು ಮಗನನ್ನು ಸಾಕಿದರು. ಗಂಡನಿಗೊಂದು ಪ್ರತಿಮೆ ಮಾಡುತ್ತೇವೆಂದು ಹೇಳಿದವರು ಮಾಡಲಿಲ್ಲ ಎಂಬ ಅವರ ನೋವು ಪತ್ರಿಕೆಯ ಮೂಲಕ ಹೊರದೇಶದ ಗಣಿತಜ್ಞರನ್ನು ತಲುಪಿತು. ಅವರು ಹಣ ಸೇರಿಸಿ ಅಮೆರಿಕದ ಶಿಲ್ಪಿ ಪಾಲ್ ಗ್ರಾನ್‌ಲಂಡ್ ಅವರಿಂದ ಮೂರ್ತಿ ಮಾಡಿಸಿ ಕಳಿಸಿದರು. ಜಾನಕಿ 1994ರವರೆಗೆ ಬದುಕಿದ್ದರು. ನಾವು ಫಾರ್ವರ್ಡ್ ಮಾಡುವ ಯಾವ ಸಂದೇಶದಲ್ಲೂ ಅವರ ಹೆಸರಿರುವುದಿಲ್ಲ.

ಹಾಗಾದರೆ ಏನನ್ನು ಹಂಚಬೇಕು?

ಒಂದು: 2520ನ್ನು ರಾಮಾನುಜನ್ ಕಂಡುಹಿಡಿದರು ಎಂಬುದು ಸುಳ್ಳು. ಅದು 1ರಿಂದ 10ರವರೆಗಿನ ಸಂಖ್ಯೆಗಳ ಲ.ಸಾ.ಅ.

ಎರಡು: ಹಲವು ರೀತಿಯಲ್ಲಿ ಭಾಗವಾಗುವ ಸಂಖ್ಯೆಗಳಿಗೆ ಹೊಸ ಸಿದ್ಧಾಂತವನ್ನೇ ಕಟ್ಟಿದವರು ರಾಮಾನುಜನ್ ಎಂಬುದು ನಿಜ. 2520 ಅವುಗಳಲ್ಲಿ ಒಂದು.

ಮೂರು: ಅವರು ಎಂದೂ ತಪ್ಪು ಮಾಡಲಿಲ್ಲ ಎಂಬುದು ಸುಳ್ಳು. ಪತ್ರದಲ್ಲೂ ತಪ್ಪಿದರು, ಪಟ್ಟಿಯಲ್ಲೂ ತಪ್ಪಿದರು. ಆ ತಪ್ಪುಗಳಿಂದ ಅವರ ಗಣಿತ ಸಣ್ಣದಾಗಲಿಲ್ಲ.

ಎರಡು ಬಾರಿ ಫೇಲಾದ ಮಗು ನಿಮ್ಮ ಮನೆಯಲ್ಲೂ ಇರಬಹುದು. ಮಾಂತ್ರಿಕನ ಕಥೆಯಿಂದ ಆ ಮಗುವಿಗೆ ಸಿಗುವುದು ಏನೂ ಇಲ್ಲ, ಮಾಂತ್ರಿಕರು ಹುಟ್ಟಿನಿಂದಲೇ ಹಾಗಿರುತ್ತಾರೆ. ಸ್ಲೇಟು ಒರೆಸಿ ಒರೆಸಿ ಲೆಕ್ಕ ಮಾಡಿದ, ಬಾಗಿಲು ತಟ್ಟಿದ, ತಪ್ಪಿದ, ಮತ್ತೆ ಬರೆದ ಮನುಷ್ಯನ ಕಥೆಯಿಂದ ಏನಾದರೂ ಸಿಗಬಹುದು.

ಮುಂದಿನ ಡಿಸೆಂಬರ್ 22ಕ್ಕೆ ರಾಷ್ಟ್ರೀಯ ಗಣಿತ ದಿನದ ಸಂದೇಶ ಬಂದಾಗ, 2520ರ ಬದಲು 293318625600 ಎಂದು ಬರೆದು ಮನೆಯ ಮಕ್ಕಳಿಗೆ ಕೊಡಿ. ಎಷ್ಟರವರೆಗೆ ಭಾಗವಾಗುತ್ತದೆ ನೋಡಿ ಎಂದು ಹೇಳಿ. 23ಕ್ಕೆ ಬಂದು ನಿಂತಾಗ ಉಳಿದ ಕಥೆ ಹೇಳಿ.